ಗುಡಿಸದ ಪಾಲು

ಲೋಟದಲ್ಲಿದ್ದ ಬೆಳಗಿನ ಚಹಾ ಇನ್ನೂ ಆರಿರಲಿಲ್ಲ. ಆಗಲೇ ಬೆಟ್ಟದ ಮೇಲಿನಿಂದ ಪೊರಕೆಗಳ ಸದ್ದು ಇಳಿದುಬರತೊಡಗಿತು. ಎಲೆ ಉದುರುವ ಕಾಲ ಮುಗಿದು ಕಾಡು ಗುಡಿಸುವ ಕಾಲ ಬಂದಿತ್ತು.

ಆ ಊರಿನಲ್ಲಿ ಪ್ರತಿ ಮನೆಗೂ ಬೆಟ್ಟದ ಕಾಡಿನಲ್ಲಿ ಒಂದೊಂದು ಪಾಲು. ನಿಂತ ಮರವನ್ನು ಯಾರೂ ಮುಟ್ಟುವಂತಿಲ್ಲ. ಬಿದ್ದ ಕಟ್ಟಿಗೆ ಒಲೆಗೆ, ಉದುರಿದ ಎಲೆ ಕೊಟ್ಟಿಗೆಗೆ. ದನಗಳ ಕೆಳಗೆ ಹಾಸಿದ ಎಲೆ ಸಗಣಿಯೊಡನೆ ಕೊಳೆತು ಗೊಬ್ಬರವಾಗಿ ಇಳಿಜಾರಿನ ಹೊಲಗಳಿಗೆ ಹೋಗುತ್ತಿತ್ತು. ಆಲೂಗಡ್ಡೆಯಾಗಿ, ಕೋಸಾಗಿ, ಬೀನ್ಸಾಗಿ ಲಾರಿ ಹತ್ತುತ್ತಿತ್ತು. ಕಾಡಿನ ನೆಲವೂ ಮನೆಯ ಅಂಗಳದಂತೆ ಚೊಕ್ಕಟವಾಗಿರಬೇಕೆಂದು ಎಲ್ಲರೂ ನಂಬಿದ್ದರು. ಹೆಣ್ಣು ಕೊಡಲು ಬಂದವರು ಮೊದಲು ಪಾಲು ನೋಡಿಕೊಂಡು ಆಮೇಲೆ ಹುಡುಗನನ್ನು ನೋಡುತ್ತಿದ್ದರು.

ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ದೊಡ್ಡಮ್ಮ ಕಾಲು ನಿಲ್ಲಿಸಿ ಆ ಸದ್ದನ್ನು ಕೇಳಿದರು. ಊರಿಗೆಲ್ಲ ಅವರು ದೊಡ್ಡಮ್ಮ. ಪಕ್ಕದಲ್ಲಿ ಎಲೆ ಹೊರುವ ದೊಡ್ಡ ಬಟ್ಟೆಗಳ ರಾಶಿ ಇತ್ತು. ಈ ಕಾಲದಲ್ಲಿ ಅವರಿಗೆ ಬಿಡುವಿಲ್ಲದ ಕೆಲಸ. ಊರಿನ ಎಲೆಯನ್ನೆಲ್ಲ ಹೊರುವ ಬಟ್ಟೆ ಅವರ ಕೈಯಲ್ಲೇ ಹೊಲಿಗೆಯಾಗುತ್ತಿತ್ತು. ಅವರ ಸ್ವಂತ ಪಾಲಿನ ಎಲೆಯನ್ನು ಮಾತ್ರ ಏಳು ವರ್ಷದಿಂದ ಯಾರೂ ಹೊತ್ತಿರಲಿಲ್ಲ.

ಯಜಮಾನರು ಇದ್ದಾಗ ಆ ಪಾಲು ಕನ್ನಡಿಯ ಹಾಗಿರುತ್ತಿತ್ತು. ಅವರು ತೀರಿಕೊಂಡ ವರ್ಷ ದೊಡ್ಡಮ್ಮನಿಗೆ ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸವಾಗಿತ್ತು. ಮರುವರ್ಷ ಮೊಣಕಾಲು ಹಿಡಿಯಿತು. ಮೂರನೆಯ ವರ್ಷ ಕೂಲಿಗೆ ಜನ ಸಿಗಲಿಲ್ಲ. ಆಮೇಲೆ ಹೋಗಿ ನೋಡಲು ಮುಖವಿರಲಿಲ್ಲ. ಪ್ರತಿದಿನ ಬೆಳಗ್ಗೆ ದೇವರ ಮುಂದೆ ಕಣ್ಣು ಮುಚ್ಚಿದಾಗ ಅವರು ಬೇಡುತ್ತಿದ್ದುದು ಒಂದೇ: "ತಂದೆ, ಅವರು ಒಪ್ಪಿಸಿಹೋದದ್ದನ್ನ ನಾನು ಹಾಳುಮಾಡ್ದೆ. ಕ್ಷಮಿಸು." ಒಲೆಗೆ ಕಟ್ಟಿಗೆಯನ್ನೂ ಅವರು ಬೇರೆಯವರಿಂದ ತರಿಸಿಕೊಳ್ಳುತ್ತಿದ್ದರೇ ಹೊರತು ತಮ್ಮ ಪಾಲಿನತ್ತ ಕಣ್ಣೆತ್ತಿ ನೋಡುತ್ತಿರಲಿಲ್ಲ.

"ದೊಡ್ಡಮ್ಮಾ, ಇದ್ದೀರಾ?"

"ಇಲ್ಲದೆ ಎಲ್ಲಿಗೆ ಹೋಗ್ಲಪ್ಪಾ? ಮೊಣಕಾಲು ಬಿಡಬೇಕಲ್ಲ. ಬಾ ಒಳಗೆ."

ಬಂದವನು ಪಕ್ಕದ ಮನೆಯ ರೈತ. ಊರವರು ಅವನಿಗೆ ಪೊರಕೆರಾಯ ಎಂದು ಹೆಸರಿಟ್ಟಿದ್ದರು. ಅವನ ಪಾಲಿನಲ್ಲಿ ಬಿದ್ದ ಎಲೆ ನೆಲ ಮುಟ್ಟುವ ಮೊದಲೇ ಚೀಲ ಸೇರುತ್ತದೆ ಎಂಬ ಮಾತಿತ್ತು. ಅದನ್ನು ಅವನು ಬೈಗುಳವೆಂದು ತಿಳಿದಿರಲಿಲ್ಲ, ಬಿರುದೆಂದೇ ಭಾವಿಸಿದ್ದ. ದೊಡ್ಡಮ್ಮನ ಹೊಲವನ್ನು ಉಳುತ್ತಿದ್ದವನೂ ಅವನೇ, ಬೆಳೆ ಬಂದಾಗ ತಪ್ಪದೆ ಅವರ ಭಾಗವನ್ನು ತಂದಿಡುತ್ತಿದ್ದವನೂ ಅವನೇ. ಅವನು ಹರಿದ ಬಟ್ಟೆಯೊಂದನ್ನು ಮೇಜಿನ ಮೇಲಿಟ್ಟ.

"ಮತ್ತೆ ಹರೀತಾ? ನೀನು ಎಲೆ ಹೊರ್ತೀಯೋ ಕಲ್ಲು ಹೊರ್ತೀಯೋ?"

"ಎಲೆ ಎಲ್ಲಿದೆ ದೊಡ್ಡಮ್ಮ? ಕೆರೆದು ಕೆರೆದು ತರಬೇಕು. ಕಡ್ಡಿ, ಕಲ್ಲು, ಮಣ್ಣು ಎಲ್ಲಾ ಸೇರ್ಕೊಂಡು ಬರುತ್ತೆ. ಮುಂಚೆ ನಲವತ್ತು ಹೊರೆ ಆಗ್ತಿತ್ತು. ಈ ಸಲ ಹದಿನೇಳು." ಅವನು ಕುಳಿತುಕೊಳ್ಳಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತಾ ನಿಂತ. "ಒಂದು ಮಾತು. ಬೇರೆಯವರ ಬಾಯಲ್ಲಿ ಕೇಳೋದಕ್ಕಿಂತ ನನ್ನ ಬಾಯಲ್ಲೇ ಕೇಳಿ. ನಿಮ್ಮ ಪಾಲಿಗೆ ನಾನು ಅರ್ಜಿ ಹಾಕಿದ್ದೀನಿ."

ದೊಡ್ಡಮ್ಮ ಸೂಜಿಯಿಂದ ದಾರ ಎಳೆದು ತುಂಡರಿಸಿದರು.

"ಮೂರು ವರ್ಷ ಗುಡಿಸದ ಪಾಲು ಇನ್ನೊಬ್ಬರಿಗೆ ಹೋಗುತ್ತೆ ಅಂತ ನಿಯಮ. ದೊಡ್ಡಪ್ಪನ ಮುಖ ನೋಡಿ ಯಾರೂ ಇಷ್ಟು ದಿನ ಕೇಳಲಿಲ್ಲ. ಈಗ ಎಲ್ಲರಿಗೂ ಎಲೆ ಸಾಲ್ತಿಲ್ಲ. ನಾನು ಕೇಳದಿದ್ರೆ ಬೇರೆ ಯಾರಾದ್ರೂ ಕೇಳ್ತಾರೆ. ನಿಮಗೆ ಬೇಕಾದಷ್ಟು ಕಟ್ಟಿಗೆ ನಾನೇ ತಂದ್ಹಾಕ್ತೀನಿ."

"ಕಟ್ಟಿಗೆ ಮಾತು ಬಿಡು. ಪಾಲು ಹೋದ್ರೆ ಪಟ್ಟಿಯಿಂದ ಅವರ ಹೆಸರೂ ಹೋಗುತ್ತಲ್ವೇನೋ?"

ಅವನು ತಲೆ ತಗ್ಗಿಸಿದ. "ಹೋಗುತ್ತೆ."

ಊರಿನ ಕಾಡು ಸಮಿತಿಯ ಪಟ್ಟಿಯಲ್ಲಿ ಯಜಮಾನರ ಹೆಸರು ಇನ್ನೂ ಇತ್ತು. ಅವರ ಹೆಸರು ಬದುಕಿ ಉಳಿದಿದ್ದ ಕಾಗದ ಅದೊಂದೇ. ದೊಡ್ಡಮ್ಮ ಹರಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಸಂಜೆ ಬಾ, ಹೊಲಿದಿಟ್ಟಿರ್ತೀನಿ. ನಿನ್ನ ತಪ್ಪೇನಿಲ್ಲ. ಇಟ್ಟುಕೊಳ್ಳೋ ಯೋಗ್ಯತೆ ನನಗಿರಲಿಲ್ಲ," ಎಂದರು.

ಪಾಲು ಕೈ ಬದಲಾಗುವ ಮೊದಲು ಮಣ್ಣಿನ ಪರೀಕ್ಷೆಯಾಗಬೇಕಿತ್ತು. ಇದು ಕೆಲವೇ ವರ್ಷಗಳ ಹಿಂದೆ ಮೇಲಿನ ಕಚೇರಿ ಮಾಡಿದ ನಿಯಮ. ಊರವರ ಪಾಲಿಗೆ ಅದು ಒಂದು ಕಾಗದ, ಒಂದು ಮೊಹರು, ಅಷ್ಟೆ. ಪೇಟೆಯ ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಈ ಬೆಟ್ಟದ ಊರುಗಳನ್ನು ನೋಡಿಕೊಳ್ಳುತ್ತಿದ್ದವಳು ಪೊರಕೆರಾಯನ ಮಗಳೇ. ಮುಂದಿನ ವಾರ ಅವಳು ಕಬ್ಬಿಣದ ಕೊಳವೆ, ಬಟ್ಟೆಯ ಚೀಲ, ಒಂದು ಸುರುಳಿ ದಾರ ಹಿಡಿದುಕೊಂಡು ದೊಡ್ಡಮ್ಮನ ಸಹಿಗಾಗಿ ಬಂದಳು.

"ನಿಮ್ಮಪ್ಪನ ಅರ್ಜಿಗೆ ನೀನೇ ಪರೀಕ್ಷೆ ಮಾಡೋದಾ ಮಗಳೇ?"

"ನಾನೂ ಅದನ್ನೇ ಕೇಳ್ದೆ ಅಜ್ಜಿ. ನಮ್ಮ ಸಾಹೇಬ್ರು, ನಿಮ್ಮಪ್ಪ ಯಾರು ಅಂತ ಮಣ್ಣಿಗೆ ಗೊತ್ತಿಲ್ಲ, ಹೋಗಮ್ಮಾ ಅಂದ್ರು." ಅವಳು ನಕ್ಕಳು. "ಹೋಲಿಸಿ ನೋಡೋಕೆ ಪಕ್ಕದ ಪಾಲಿನ ಮಣ್ಣೂ ಬೇಕು. ಅದಕ್ಕೆ ಅಪ್ಪಂದೂ ತಗೋತೀನಿ. ನೀವೂ ಬರ್ತೀರಾ?"

"ನಾನು ಬರಲ್ಲ. ಅಲ್ಲಿ ಹಾವು ಚೇಳು ಸೇರ್ಕೊಂಡಿವೆ ಅಂತಾರೆ. ಬೆಂಕಿ ಬಿದ್ರೆ ಊರೇ ಸುಡುತ್ತೆ ಅಂತಾರೆ. ಕಂಡದ್ದನ್ನ ನೀನು ಬಂದು ನನಗೆ ಹೇಳಬೇಡ. ಬರೆದುಕೊಂಡು ಹೋಗು ಸಾಕು."

ಹುಡುಗಿ ಮಧ್ಯಾಹ್ನ ಇಳಿದುಬಂದಾಗ ಅವಳ ಬೂಟಿಗೆ ಕಪ್ಪು ಮಣ್ಣು ಮೆತ್ತಿತ್ತು. ದೊಡ್ಡಮ್ಮನ ಬಾಗಿಲ ಮುಂದೆ ಅವಳು ಒಂದು ಗಳಿಗೆ ನಿಂತಳು, ಏನೋ ಹೇಳಲು ಬಾಯಿ ತೆರೆದಳು, ಹೇಳಬೇಡ ಎಂದದ್ದು ನೆನಪಾಗಿ ಹೊರಟುಹೋದಳು.

ಇಪ್ಪತ್ತು ದಿನಗಳ ಮೇಲೆ ಸಮಿತಿ ಸೇರಿತು. ಕೋಣೆಯಲ್ಲಿ ಒಂದು ಉದ್ದ ಮೇಜು, ಅದರ ಸುತ್ತ ಹೊಂದಿಕೆಯಿಲ್ಲದ ಕುರ್ಚಿಗಳು. ಅಧ್ಯಕ್ಷರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಕನ್ನಡಕ ಏರಿಸಿ ಅವರು ವರದಿ ಓದಿದರು, ಮತ್ತೊಮ್ಮೆ ಓದಿದರು, ಕಾಗದವನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದರು.

"ಇದೇನಮ್ಮಾ, ಗಾಡಿ ಎದುರುದಿಕ್ಕಿಗೆ ಹೋಗ್ತಿದೆಯಲ್ಲ? ಗುಡಿಸಿದ ಪಾಲಿನಲ್ಲಿ ಮಣ್ಣಿನ ಸಾರ ನೂರಕ್ಕೆ ಒಂದೂಕಾಲು. ಗುಡಿಸದ ಪಾಲಿನಲ್ಲಿ ಹತ್ತಿರ ಹತ್ತಿರ ನಾಲ್ಕು. ನೀರು ಹಿಡಿಯೋ ಶಕ್ತಿ ಎರಡರಷ್ಟು."

ಪೊರಕೆರಾಯ ಎದ್ದು ನಿಂತ. "ಚೀಲ ಅದಲುಬದಲಾಗಿದೆ. ನಾಲ್ಕು ಇರೋದು ನನ್ನ ಪಾಲು."

"ಇಲ್ಲಪ್ಪಾ. ಚೀಟಿ ಅಲ್ಲೇ ನಿಂತು ಬರೆದಿದ್ದೀನಿ."

"ಅವಸರದಲ್ಲಿ ಬರೆದಿರ್ತೀಯ. ಚಿಕ್ಕೋಳಿದ್ದಾಗ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡು ಇಡೀ ಊರು ಸುತ್ತಿ ಬರ್ತಿದ್ದೆ."

ಕೋಣೆಯಲ್ಲಿ ನಗೆ ಎದ್ದಿತು. ಹುಡುಗಿಯ ಮುಖ ಕೆಂಪಾಯಿತು. ಆಗ ಮೂಲೆಯ ಕುರ್ಚಿಯಿಂದ ದೊಡ್ಡಮ್ಮ ಮೇಜು ಹಿಡಿದುಕೊಂಡು ಎದ್ದರು.

"ಹುಡುಗಿಯನ್ನ ಬಯ್ಯಬೇಡಿ. ಆದ್ರೆ ತಪ್ಪು ಆಗಿರೋದು ನಿಜ ಅನ್ಸುತ್ತೆ. ಏಳು ವರ್ಷ ಒಂದು ಪೊರಕೆ ಆಡಿಲ್ಲ. ನನ್ನ ಪಾಲು ಚೆನ್ನಾಗಿರೋಕೆ ಹೇಗೆ ಸಾಧ್ಯ? ಸುಳ್ಳು ಕಾಗದದ ಮೇಲೆ ಅವರ ಹೆಸರು ಉಳಿಯೋದು ನನಗೆ ಬೇಡ."

"ಅಯ್ಯೋ ಅಜ್ಜಿ!" ಹುಡುಗಿ ಹಣೆ ಚಚ್ಚಿಕೊಂಡಳು. "ನಿಮ್ಮ ಪರವಾಗಿ ವರದಿ ಬಂದ್ರೆ ನೀವೇ ವಿರುದ್ಧ ಸಾಕ್ಷಿ ಹೇಳ್ತೀರಲ್ಲ! ನಾಳೆ ಬೆಳಗ್ಗೆ ಎಲ್ಲರೂ ನಡೀರಿ. ಎಲ್ಲರ ಕಣ್ಣೆದುರಿಗೇ ಅಗೆದು ತೋರಿಸ್ತೀನಿ. ಅಜ್ಜಿ, ನೀವು ಬರದಿದ್ರೆ ನಾನು ಅಗೆಯಲ್ಲ."

ಮರುದಿನ ಅರ್ಧ ಊರು ಬೆಟ್ಟ ಹತ್ತಿತು. ದೊಡ್ಡಮ್ಮ ಶಾಲು ಹೊದ್ದು, ಹೆಜ್ಜೆಗೊಮ್ಮೆ ನಿಂತು ಹತ್ತಿದರು. ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಮಾಡುತ್ತಿದ್ದಾರೆಂದು ತಿಳಿದು ಯಾರೂ ಮಾತಾಡಿಸಲಿಲ್ಲ.

ಮೊದಲು ಸಿಕ್ಕಿದ್ದು ಪೊರಕೆರಾಯನ ಪಾಲು. ನೋಡಲು ಅಂದವಾಗಿತ್ತು. ಮರಗಳ ಕೆಳಗೆ ಒಂದು ಕಡ್ಡಿಯೂ ಇಲ್ಲ. ಮುದುಕರ ಕೈಯ ನರಗಳಂತೆ ಬೇರುಗಳು ನೆಲದ ಮೇಲೆ ಎದ್ದಿದ್ದವು. ಮಗಳು ಸಲಿಕೆಯನ್ನು ಅಪ್ಪನ ಕೈಗೇ ಕೊಟ್ಟಳು. ಎರಡು ಏಟಿಗೆ ಸಲಿಕೆ ಠಣ್ಣೆಂದಿತು. ಬೂದಿಬಣ್ಣದ ಒರಟು ಮಣ್ಣು ನಾಲ್ಕು ಬೆರಳಿನಷ್ಟು. ಕೆಳಗೆ ಬರೀ ಕಲ್ಲು. ಅವಳು ಬಾಟಲಿಯ ನೀರು ಸುರಿದಳು. ನೀರು ಅರೆಗಳಿಗೆ ಅಲ್ಲೇ ಯೋಚಿಸುತ್ತ ನಿಂತಂತೆ ನಿಂತು, ಆಮೇಲೆ ಇಳಿಜಾರಿನಲ್ಲಿ ಹರಿದುಹೋಯಿತು. ಹೋಗುವಾಗ ಬಣ್ಣ ಬದಲಿಸಿಕೊಂಡು ಹೋಯಿತು.

ಅವಳು ನಾಲ್ಕು ಗೂಟ ನೆಟ್ಟು ದಾರ ಕಟ್ಟಿ ಚೌಕ ಮಾಡಿದಳು. "ಇದರೊಳಗೆ ಎಷ್ಟು ಬಗೆ ಗಿಡ ಇದೆ, ಎಣಿಸಿ."

ಆರು. ಅದರಲ್ಲಿ ನಾಲ್ಕು ಮುಳ್ಳಿನವು.

"ಮರದ ಸಸಿ ಯಾಕಿಲ್ಲ?" ಎಂದು ಅಧ್ಯಕ್ಷರು ಕೇಳಿದರು. ಪೊರಕೆರಾಯ ತನ್ನ ಕೈಗಳನ್ನು ನೋಡಿಕೊಂಡ.

ಎರಡು ಪಾಲುಗಳ ನಡುವೆ ಸಾಲುಗಲ್ಲುಗಳ ಗಡಿ ಇತ್ತು. ಅದನ್ನು ದಾಟುವಾಗ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು. ಕಾಲಿಗೆ ಮೊದಲು ತಿಳಿಯಿತು: ನೆಲ ಮೆತ್ತಗಿತ್ತು. ಆಮೇಲೆ ಮೂಗಿಗೆ ತಿಳಿಯಿತು. ಮಳೆ ಬಂದು ಹದಿನೈದು ದಿನವಾಗಿತ್ತು. ಆದರೂ ಅಲ್ಲಿ ನಿನ್ನೆ ಮಳೆ ಬಂದ ವಾಸನೆ ಇತ್ತು.

"ಕಣ್ಣು ಬಿಡಿ ಅಜ್ಜಿ. ಹಾವೂ ಇಲ್ಲ, ಚೇಳೂ ಇಲ್ಲ."

ಅವರು ಕಣ್ಣು ತೆರೆದರು. ಪಾದ ಮುಳುಗುವಷ್ಟು ಎಲೆ. ಅದರ ನಡುವಿನಿಂದ ಎಲ್ಲೆಲ್ಲೂ ಹಸಿರು ತಲೆಯೆತ್ತಿತ್ತು. ಜರಿಗಿಡಗಳು, ಪಾಚಿ, ಬಿದ್ದ ಕೊಂಬೆಯ ಮೇಲೆ ಸಾಲಾಗಿ ಅಣಬೆ, ಮಂಡಿ ಎತ್ತರದ ಮರದ ಸಸಿಗಳು. ಹುಡುಗಿ ಸಲಿಕೆ ಒತ್ತಿದಳು. ಬೆಣ್ಣೆಗೆ ಚಾಕು ಹಾಕಿದಂತೆ ಒಳಗಿಳಿಯಿತು. ಮೇಲುಮಣ್ಣು ಕಪ್ಪಾಗಿ, ಪುಡಿಪುಡಿಯಾಗಿ, ಎರೆಹುಳು ಸಮೇತ ಹೊರಗೆ ಬಂತು. ಸುರಿದ ನೀರು ಸದ್ದಿಲ್ಲದೆ ಕಾಣೆಯಾಯಿತು.

"ಚೀಲ ಅದಲುಬದಲಾಗಿರಲಿಲ್ಲ," ಎಂದು ಅಧ್ಯಕ್ಷರು ಮೆಲ್ಲಗೆ ಹೇಳಿದರು.

ಇಲ್ಲಿ ಚೌಕದೊಳಗಿನ ಗಿಡಗಳನ್ನು ಎಣಿಸಲು ಹೊತ್ತು ಹಿಡಿಯಿತು. ಹುಡುಗಿ ಹದಿನೆಂಟಕ್ಕೆ ನಿಂತಳು. "ಇವೆರಡೂ ಒಂದೇ ಜಾತಿಯೋ ಬೇರೆಯೋ ಗೊತ್ತಾಗ್ತಿಲ್ಲ."

"ಬೇರೆ," ಎಂದರು ದೊಡ್ಡಮ್ಮ. ಅವರು ಯಾವಾಗಲೋ ಮೊಣಕಾಲು ಮರೆತು ನೆಲದ ಮೇಲೆ ಕುಳಿತಿದ್ದರು. "ಇದರ ಕಾಂಡ ಚೌಕ, ಅದರದ್ದು ದುಂಡು. ಇದು ಇಲಿಕಿವಿ. ಇದು ಜಿಪುಣನ ಕೊಡೆ. ಒಂದೇ ಎಲೆ ಬಿಡುತ್ತೆ. ಎಲ್ಲಾ ಅವರಿಟ್ಟ ಹೆಸರು. ಮದುವೆಯಾದ ಹೊಸದರಲ್ಲಿ ನನಗೆ ಕಲಿಸ್ತಿದ್ರು." ಅವರು ಒಂದು ಎಲೆಯನ್ನು ಸರಿಸಿದರು. ಅದರಡಿಯಲ್ಲಿ ತುದಿ ಬಾಗಿದ ಒಂದು ಸಣ್ಣ ನೇರಳೆ ಹೂವು ಇತ್ತು. ದೊಡ್ಡಮ್ಮ ಬಾಯಿಗೆ ಶಾಲು ಅಡ್ಡ ಹಿಡಿದುಕೊಂಡರು. ಅಳುತ್ತಿದ್ದಾರೆಂದು ಹುಡುಗಿ ಗಾಬರಿಯಾದಳು. ಅವರು ನಗುತ್ತಿದ್ದರು.

"ಇದಕ್ಕೆ ಅವರು ಇಟ್ಟ ಹೆಸರು, ನಿಮ್ಮಮ್ಮನ ಮೂಗು. ನಮ್ಮಮ್ಮಂದು ಹೀಗೇ ಬಾಗಿತ್ತು. ಅಮ್ಮ ಬಂದಾಗಲೆಲ್ಲ ಇದೊಂದು ಹೂವು ತಂದು ಆಕೆಯ ಮುಂದೆ ಇಡ್ತಿದ್ರು. ಪಾಪ ಆಕೆ, ಅಳಿಯ ಎಷ್ಟು ಮರ್ಯಾದಸ್ಥ ಅಂತ ಸಂತೋಷಪಡ್ತಿದ್ಲು. ಕೊನೇ ಹತ್ತು ವರ್ಷ ಹುಡುಕಿ ಹುಡುಕಿ ಸಾಕಾಗಿ, ಈ ಹೂವಿನ ಕುಲವೇ ಮುಗೀತು ಕಣೇ ಅಂದಿದ್ರು."

ಎಣಿಕೆ ಮೂವತ್ತೊಂದಕ್ಕೆ ನಿಂತಿತು.

ಆಗಲೂ ಪೊರಕೆರಾಯ ಸುಮ್ಮನಿರಲಿಲ್ಲ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಿತ್ತು. "ಎಲ್ಲಾ ಸರಿ. ಕಾಡು ಚೆನ್ನಾಗಾಯ್ತು. ನನ್ನ ಕೊಟ್ಟಿಗೇಲಿ ನಾಲ್ಕು ಹಸು ಇವೆ. ಅವುಗಳ ಕೆಳಗೆ ಏನು ಹಾಸ್ಲಿ? ನಿನ್ನ ವರದಿ ಹಾಸ್ಲಾ? ಎಲೆ ಇಲ್ದೆ ಗೊಬ್ಬರ ಇಲ್ಲ, ಗೊಬ್ಬರ ಇಲ್ದೆ ಹೊಲ ಇಲ್ಲ. ಆ ಹೊಲವೇ ಕಣೇ ನಿನ್ನ ಓದಿಸಿದ್ದು."

"ಗೊತ್ತಪ್ಪಾ. ಅದಕ್ಕೇ ಕೇಳ್ತೀನಿ, ಬೀನ್ಸ್ ಬಳ್ಳಿ ಏನು ಮಾಡ್ತೀಯ?"

"ಏನ್ಮಾಡ್ತಾರೆ? ಕೊಯ್ಲು ಆದ್ಮೇಲೆ ಸುಡ್ತೀವಿ. ಹೊಲ ಚೊಕ್ಕಟ ಆಗಬೇಕಲ್ಲ."

"ಕೋಸಿನ ಹೊರ ಎಲೆ?"

"ಹಳ್ಳಕ್ಕೆ."

"ಬೀಳುಬಿಟ್ಟ ಮೇಲಿನ ಹೊಲಗಳಲ್ಲಿ ಎದೆಮಟ್ಟ ಹುಲ್ಲು ಬೆಳೆದಿದೆ. ಅದು?"

ಹಿಂದಿನಿಂದ ಯಾರೋ, "ಪೊರಕೆರಾಯಾ, ಪೊರಕೆ ಎಲ್ಲಿ ಆಡಬೇಕೋ ಅಲ್ಲಿ ಆಡ್ಲೇ ಇಲ್ಲ ನೀನು!" ಎಂದು ಕೂಗಿದರು. ನಗೆಯಲ್ಲಿ ಅವನೂ ಸ್ವಲ್ಪ ಸೇರಿದ, ಸೋತವನ ಹಾಗೆ.

"ಬೆಂಕಿ ಬಿದ್ರೆ?" ಎಂದು ಅಧ್ಯಕ್ಷರು ಕೇಳಿದರು. "ಅದು ಸುಳ್ಳು ಭಯ ಅಲ್ಲಮ್ಮ. ನಾನು ಕಂಡಿದ್ದೀನಿ."

"ಅದು ಸರಿ," ಎಂದಳು ಹುಡುಗಿ. "ದಾರಿಯ ಪಕ್ಕ, ಊರಿನ ಕಡೆ ಒಂದು ಅಗಲವಾದ ಪಟ್ಟಿ ಗುಡಿಸಲೇಬೇಕು. ಉಳಿದದ್ದನ್ನ ಪಾಲಿನ ಮೂರರಲ್ಲಿ ಎರಡು ಭಾಗ ಬಿಟ್ಟು, ಒಂದು ಭಾಗ ಸರದಿ ಪ್ರಕಾರ ಗುಡಿಸಿದ್ರೂ ಸಾಕು. ಒಂದೇ ದಿನಕ್ಕೆ ಆಗೋ ಕೆಲಸ ಅಂತ ನಾನು ಹೇಳಲ್ಲ. ಇಲ್ಲಿಗೆ ಏಳು ವರ್ಷ ಹಿಡಿದಿದೆ."

ಪೊರಕೆರಾಯ ಅಗೆದ ಗುಂಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಮಣಿಕಟ್ಟಿನವರೆಗೆ ಕೈಯಿಟ್ಟು ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿದ. ಬಹಳ ಹೊತ್ತು ನೋಡಿದ. ಮೂವತ್ತು ವರ್ಷ ಮಣ್ಣಿನಲ್ಲಿ ಕೈಯಿಟ್ಟವನಿಗೆ ಅದು ಏನೆಂದು ಯಾವ ಕಾಗದವೂ ಹೇಳಬೇಕಿರಲಿಲ್ಲ.

"ಚಿಕ್ಕಂದಿನಲ್ಲಿ ನಮ್ಮ ಪಾಲಿನಲ್ಲೂ ಈ ವಾಸನೆ ಇತ್ತು," ಎಂದ. ಆಮೇಲೆ ಎದ್ದು ಅಧ್ಯಕ್ಷರ ಕಡೆ ತಿರುಗಿದ. "ನನ್ನ ಅರ್ಜಿ ಹರಿದುಹಾಕಿ. ದೊಡ್ಡಪ್ಪನ ಹೆಸರು ಎಲ್ಲಿದೆಯೋ ಅಲ್ಲೇ ಇರಲಿ. ಮತ್ತೆ ಬರೆದುಕೊಳ್ಳಿ, ಈ ವರ್ಷದಿಂದ ನನ್ನ ಪಾಲಿನ ಮೇಲಿನ ಭಾಗ ಗುಡಿಸಲ್ಲ. ಅದು ನೋಡೋಕೆ ಎಷ್ಟೇ ಗಲೀಜಾಗಿ ಕಂಡ್ರೂ ಯಾರೂ ನನ್ನ ಮುಂದೆ ಬಂದು ಹೇಳಬೇಡಿ. ನನ್ನ ಕೈ ಸುಮ್ಮನಿರಲ್ಲ."

ಅಧ್ಯಕ್ಷರು, "ಮೂರು ವರ್ಷದ ನಿಯಮ ಇವತ್ತಿಗೆ ರಿವರ್ಸ್ ಗೇರು," ಎಂದು ನಕ್ಕು, ಉಳಿದ ಪಾಲುಗಾರರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಕೆಲವರು ಒಪ್ಪಿದರು. ಕೆಲವರು ಒಂದು ವರ್ಷ ನೋಡೋಣ ಎಂದರು. ಇಬ್ಬರು ತಲೆಯಲ್ಲಾಡಿಸಿಕೊಂಡು ಇಳಿದುಹೋದರು.

ದೊಡ್ಡಮ್ಮ ಇದೊಂದನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅವರು ಕುಳಿತಲ್ಲೇ ಮರಕ್ಕೆ ಒರಗಿದ್ದರು. ಏಳು ವರ್ಷ ಪ್ರತಿ ಬೆಳಗ್ಗೆ ತಾನು ಕ್ಷಮೆ ಬೇಡುತ್ತಿದ್ದಾಗ ಇಲ್ಲಿ ಈ ಕೆಲಸ ನಡೆಯುತ್ತಿತ್ತು. ತಾನು ಎತ್ತಲಾಗದೆ ಕೈಬಿಟ್ಟದ್ದನ್ನು ಯಾರೋ ತನಗೆ ಹೇಳದೆ ಎತ್ತಿಕೊಂಡಿದ್ದರು. ಎದೆಯ ಮೇಲಿನ ಭಾರ ಇಳಿಯುವಾಗಲೂ ನೋಯುತ್ತದೆ ಎಂದು ಅವರಿಗೆ ಆಗ ತಿಳಿಯಿತು. ಆಮೇಲೆ ನೋವೂ ನಿಂತಿತು. ಉಸಿರು ಆಳಕ್ಕೆ ಇಳಿಯತೊಡಗಿತು.

ಜನ ಇಳಿದುಹೋದ ಮೇಲೆ ಪೊರಕೆರಾಯನೊಬ್ಬ ಅವರನ್ನು ಕರೆದೊಯ್ಯಲು ಉಳಿದ.

"ನಾವು ಬೆಳಗಿಂದ ಸಂಜೆವರೆಗೆ ಬೆನ್ನು ಮುರಿದು ಹಾಳುಮಾಡಿದ್ವಲ್ಲ ದೊಡ್ಡಮ್ಮ," ಎಂದ. "ದೊಡ್ಡಪ್ಪಾನೂ ಸಹ."

"ಹೌದಪ್ಪಾ, ಅವರೂ ಸಹ. ಆ ಹೂವನ್ನ ಹುಡುಕ್ತಾ ಹುಡುಕ್ತಾ ಅವರೇ ಗುಡಿಸಿ ಹಾಕ್ತಿದ್ರು." ಅವರು ಪಕ್ಕದ ಸಸಿಯೊಂದರ ಎಲೆ ಸವರಿದರು. "ಗೊತ್ತಿದ್ದಿದ್ರೆ ಮಾಡ್ತಿರ್ಲಿಲ್ಲ. ದೇವರಿಗೆ ಅಷ್ಟು ತಿಳಿಯುತ್ತೆ. ನೀನೂ ಮನಸ್ಸಿಗೆ ಹಚ್ಕೋಬೇಡ."

"ನೀವು ಏನೂ ಮಾಡ್ದೆ ಗೆದ್ರಿ."

"ಏನೂ ಮಾಡದೆ ಇರೋದು ಸುಲಭ ಅಂದ್ಕೊಂಡಿದ್ದೀಯಾ? ಈ ವರ್ಷ ನಿನಗೇ ಗೊತ್ತಾಗುತ್ತೆ ಇರು."

ಅವನು ಕೈ ಕೊಟ್ಟು ಅವರನ್ನು ಎಬ್ಬಿಸಿದ. ಅವರು ಮುಂದೆ ಎರಡು ಹೆಜ್ಜೆ ಇಟ್ಟರು. ಅವರ ಶಾಲಿನ ಹಿಂಭಾಗಕ್ಕೆ ಒದ್ದೆ ಎಲೆಗಳು ಅಂಟಿದ್ದವು, ಒಂದಲ್ಲ ಎರಡಲ್ಲ, ಏಳೆಂಟು. ಅವನ ಕೈ ತಾನಾಗಿಯೇ ಮುಂದೆ ಹೋಯಿತು.

"ದೊಡ್ಡಮ್ಮ, ಬೆನ್ನ ತುಂಬ ಎಲೆ ಅಂಟಿದೆ. ಝಾಡಿಸ್ಲಾ?"

"ಬಿಡೋ, ಇರ್ಲಿ," ಎಂದರು ದೊಡ್ಡಮ್ಮ.

ಅವನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅದನ್ನು ಅವನು ಜೇಬಿಗೆ ಹಾಕಿಕೊಂಡ. ಇಬ್ಬರೂ ಹಾಗೆಯೇ ಊರಿನ ನಡುವೆ ಇಳಿದುಬಂದರು.